ಬರ್ಗರ್ ಅಂಗಡಿಯ ಕೋಸಂಬರಿ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಅಮೆರಿಕದ ಸ್ಟರ್ಲಿಂಗ್ ಹೈಟ್ಸ್‌ನ ಒಂದು ಬರ್ಗರ್ ಅಂಗಡಿಯ ಪಾರ್ಕಿಂಗ್ ಲಾಟ್‌ನಲ್ಲಿ, ಕಾರಿನೊಳಗೆ ಕೂತು ನಾನು ಕೋಸಂಬರಿ ಮಾಡಿದೆ. ಅಂಗಡಿಯವರು ಕೊಟ್ಟ ಸಣ್ಣ ಸಲಾಡ್ ಡಬ್ಬಿಯಿಂದ ಚೀಸ್ ಎಳೆಗಳನ್ನು ಒಂದೊಂದಾಗಿ ಆರಿಸಿ ತೆಗೆದೆ. ಸಲಾಡಿನ ಮೇಲೆ ಹಿಂಡಿಕೊಳ್ಳಲು ಕೊಡುವ ಡ್ರೆಸಿಂಗ್ ಎಂಬ ಗಟ್ಟಿ ಸಾಸಿನ ಪೊಟ್ಟಣವನ್ನು ಮುಟ್ಟಲಿಲ್ಲ. ಹಿಂದಿನ ದಿನ ಮೋಟೆಲ್ ರೂಮಿನ ಕಾಫಿ ಲೋಟದಲ್ಲಿ ನೆನೆಹಾಕಿದ್ದ ಹೆಸರುಬೇಳೆಯನ್ನು ಸೊಪ್ಪಿನ ಮೇಲೆ ಸುರಿದೆ. ಐಸ್ ಟೀ ಕುಡಿಯುವವರಿಗೆಂದು ಇಟ್ಟಿದ್ದ ನಿಂಬೆ ಹೋಳುಗಳಲ್ಲಿ ಎರಡನ್ನು ಕೇಳಿ ತಂದಿದ್ದೆ, ಹಿಂಡಿದೆ. ಕೈಚೀಲದಲ್ಲಿದ್ದ ಚಟ್ನಿಪುಡಿ ಡಬ್ಬಿ ತೆಗೆದು ಎರಡು ಚಿಟಿಕೆ ಉದುರಿಸಿ, ಮುಚ್ಚಳ ಹಾಕಿ ಚೆನ್ನಾಗಿ ಕುಲುಕಿದೆ. ಮೊದಲ ತುತ್ತು ಬಾಯಿಗೆ ಹೋದದ್ದೇ ಸ್ಟೀರಿಂಗ್ ಮೇಲೆ ಕೈ ಬಡಿದು ಒಬ್ಬಳೇ ಜೋರಾಗಿ ನಕ್ಕೆ. ಪಕ್ಕದ ಕಾರಿನಲ್ಲಿದ್ದ ಗಂಡಸು ತನ್ನ ಕಿಟಕಿ ಏರಿಸಿಕೊಂಡ.

ಅಣ್ಣ ಬದುಕುತ್ತಾನೆ ಎಂದು ನನಗೆ ಅವತ್ತು ಖಾತ್ರಿಯಾಯಿತು.

ಸಲಾಡಿಗೂ ಅಣ್ಣನಿಗೂ ಏನು ಸಂಬಂಧ ಎಂದು ಹೇಳಬೇಕು. ಅಣ್ಣ ನನಗಿಂತ ಆರು ವರ್ಷಕ್ಕೆ ದೊಡ್ಡವನು. ಶಿಕಾಗೋ ಪಕ್ಕದ ವುಡ್‌ರಿಡ್ಜ್‌ನಲ್ಲಿ ಅವನದೂ ನಮ್ಮದೂ ಮನೆ, ನಡುವೆ ಎರಡು ಮೈಲಿ. ಹಿಂದಿನ ದೀಪಾವಳಿಯ ಹೊತ್ತಿಗೆ ಅವನ ಎರಡೂ ಕಿಡ್ನಿಗಳು ಕೈಕೊಟ್ಟಿದ್ದವು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಕುಡಿಯುವ ನೀರನ್ನೂ ಅಳೆದು ಕುಡಿಯಬೇಕು. ಅತ್ತಿಗೆಯ ಬ್ಲಡ್ ಗ್ರೂಪ್ ಹೊಂದಲಿಲ್ಲ, ನನ್ನದು ಹೊಂದಿತು. ಆದರೆ ಆಸ್ಪತ್ರೆಯವರು ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಸೀಸೆಗಟ್ಟಲೆ ರಕ್ತ ತೆಗೆದು, ಕೊನೆಗೆ ಹೇಳಿದ್ದು ಇದು: ಸಕ್ಕರೆ ಗಡಿಯ ಮೇಲೆ ನಿಂತಿದೆ, ತೂಕ ಗಡಿ ದಾಟಿದೆ, ಹೀಗೆಯೇ ಕಿಡ್ನಿ ತೆಗೆದರೆ ಮುಂದೆ ನಿಮಗೇ ತೊಂದರೆ. ಇಪ್ಪತ್ತಾರು ಪೌಂಡ್, ಅಂದರೆ ಸುಮಾರು ಹನ್ನೆರಡು ಕಿಲೋ, ಇಳಿಸಿ ಸೆಪ್ಟೆಂಬರ್‌ನಲ್ಲಿ ಬನ್ನಿ. ಇಲ್ಲದಿದ್ದರೆ ಅಣ್ಣ ಯಾರೋ ಅಪರಿಚಿತರ ಕಿಡ್ನಿಗಾಗಿ ವರ್ಷಗಟ್ಟಲೆ ಸರದಿಯಲ್ಲಿ ಕಾಯಬೇಕಿತ್ತು. ಅಷ್ಟು ಕಾಯುವ ತ್ರಾಣ ಅವನ ಹೃದಯಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದರು. ಅತ್ತಿಗೆ ಅದನ್ನು ನನಗೊಬ್ಬಳಿಗೆ ಹೇಳಿದರು.

ಅಣ್ಣ ಮೊದಲು ಕಡ್ಡಿ ಮುರಿದಂತೆ ಬೇಡ ಎಂದಿದ್ದ. ತಂಗಿಯ ಹೊಟ್ಟೆ ಕೊಯ್ಯಿಸಿ ತಾನು ಬದುಕಬೇಕಾಗಿಲ್ಲ ಎಂದು ರೇಗಿದ್ದ. ತೂಕದ ಸುದ್ದಿ ಕೇಳಿದ ಮೇಲೆ ಇದ್ದಕ್ಕಿದ್ದಂತೆ ಮೆತ್ತಗಾದ.

"ಸರಿ ಕಣೇ. ಇಪ್ಪತ್ತಾರು ಪೌಂಡ್ ಇಳಿಸು. ಇಳಿಸಿದ್ರೆ ತಗೋತೀನಿ."

"ಮಾತು ಕೊಟ್ಟ ಹಾಗೆ ತಾನೇ?"

"ಕೊಟ್ಟ ಹಾಗೇನೇ. ನೀನು ಮೊದಲು ಆ ಕೊಬ್ಬರಿ ಮಿಠಾಯಿ ಕೆಳಗಿಡು."

ಕೈಯಲ್ಲಿದ್ದ ಮಿಠಾಯಿಯನ್ನು ಕೆಳಗಿಟ್ಟೆ. ಅವನು ನಕ್ಕ, ನಾನೂ ನಕ್ಕೆ. ಗೆದ್ದೆ ಎಂದುಕೊಂಡು ಮನೆಗೆ ಬಂದೆ.

ಅದೇ ಸುಮಾರಿಗೆ ಪಕ್ಕದ ಊರಾದ ಲೈಲ್‌ನಲ್ಲಿ ನಾನು ಹನ್ನೊಂದು ವರ್ಷ ದುಡಿದಿದ್ದ ಕಂಪನಿ ನಮ್ಮ ಗುಂಪನ್ನು ಪೂರ್ತಿ ಲೇಆಫ್ ಮಾಡಿತು. ಇಂಟರ್‌ಸ್ಟೇಟ್ ಎಂಬತ್ತೆಂಟು ಹೆದ್ದಾರಿಯ ಉದ್ದಕ್ಕೂ ಗಾಜಿನ ಕಟ್ಟಡಗಳ ಮುಂದೆ ಬಾಡಿಗೆಗಿದೆ ಎಂಬ ಬೋರ್ಡುಗಳು ಎದ್ದಿದ್ದ ಕಾಲ ಅದು. ನಮ್ಮ ಪರಿಚಯದವರು ದೇವಸ್ಥಾನದಲ್ಲಿ ಸಿಕ್ಕರೆ ಕ್ಷೇಮ ಕೇಳುವ ಮೊದಲು 'ಎಲ್ಲೆಲ್ಲಿ ಅಪ್ಲೈ ಮಾಡಿದೀರಿ' ಎಂದು ಕೇಳುತ್ತಿದ್ದರು. ನನಗೆ ಹೂಂ ಎಂದದ್ದು ಒಂದೇ ಜಾಗ, ಮಿಷಿಗನ್‌ನ ಸ್ಟರ್ಲಿಂಗ್ ಹೈಟ್ಸ್. ಕಾರಿನ ಬಿಡಿಭಾಗಗಳ ಸಾಫ್ಟ್‌ವೇರ್ ಟೆಸ್ಟ್ ಮಾಡುವ ಕೆಲಸ, ಸೆಪ್ಟೆಂಬರ್‌ವರೆಗಿನ ಕಾಂಟ್ರ್ಯಾಕ್ಟು. ಕಾರಿನ ಕಂಪನಿಗಳೇ ಏದುಸಿರು ಬಿಡುತ್ತಿದ್ದ ಊರಿನಲ್ಲಿ ನನಗೆ ಹೇಗೆ ಕೆಲಸ ಸಿಕ್ಕಿತೆಂದರೆ, ಮೂವರನ್ನು ಮನೆಗೆ ಕಳಿಸಿ ಅವರ ಕೆಲಸಕ್ಕೆಲ್ಲ ಒಬ್ಬಳನ್ನು ಹಿಡಿದಿದ್ದರು. ಗಂಡ, ಮಗಳು ವುಡ್‌ರಿಡ್ಜ್‌ನಲ್ಲಿ ಉಳಿದರು. ನಾನು ಭಾನುವಾರ ಮಧ್ಯಾಹ್ನ ಹೊರಟು ಮುನ್ನೂರು ಮೈಲಿ ಡ್ರೈವ್ ಮಾಡಿ ಹೋಗುವುದು, ಶುಕ್ರವಾರ ವಾಪಸು ಬರುವುದು. ಉಳಿದುಕೊಂಡದ್ದು ವಾರದ ಬಾಡಿಗೆಯ ಒಂದು ಮೋಟೆಲ್‌ನಲ್ಲಿ. ಅಲ್ಲಿ ಮೈಕ್ರೋವೇವ್ ಇತ್ತು, ಮೊಣಕಾಲೆತ್ತರದ ಫ್ರಿಜ್ ಇತ್ತು, ಒಲೆ ಇರಲಿಲ್ಲ.

ಹೀಗಾಗಿ ಜೀವಮಾನದಲ್ಲಿ ಮೊದಲ ಸಲ ತೂಕ ಇಳಿಸಲು ಹೊರಟವಳ ಪಾಲಿಗೆ ಬಂದದ್ದು ಮೋಟೆಲ್ ಮುಂದಿನ ವ್ಯಾನ್ ಡೈಕ್ ರಸ್ತೆಯ ಎರಡೂ ಬದಿಯ ಫಾಸ್ಟ್ ಫುಡ್ ಅಂಗಡಿಗಳು. ಬೇರೆಯವರಾಗಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದರೇನೋ. ನನಗೆ ಹುರುಪು ಬಂತು. ಟೆಸ್ಟಿಂಗ್ ನನ್ನ ಕಸುಬು. ಯಾರೋ ಕಟ್ಟಿದ್ದರಲ್ಲಿ ತಪ್ಪು ಹುಡುಕುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದರು.

ನಮ್ಮಂಥ ಸಸ್ಯಾಹಾರಿಗಳಿಗೆ ಅಲ್ಲಿಯವರೆಗೆ ಫಾಸ್ಟ್ ಫುಡ್ ಎಂದರೆ ಎರಡೇ. ಒಂದು ಫ್ರೆಂಚ್ ಫ್ರೈಸ್. ಇನ್ನೊಂದು, ಮಾಂಸ ತೆಗೆಸಿ ಆ ಜಾಗದಲ್ಲಿ ಎರಡನೇ ಚೀಸ್ ಹಾಕಿಸಿದ ಬರ್ಗರ್. ಹದಿನೈದು ವರ್ಷ ನಾನು ಅದನ್ನೇ ತಿಂದಿದ್ದೆ, ಮಾಂಸವಿಲ್ಲ, ಹಾಗಾಗಿ ಹಗುರ ಎಂಬ ಪರಮ ನಂಬಿಕೆಯಲ್ಲಿ. ಮೊದಲ ವಾರವೇ ಆ ನಂಬಿಕೆ ಮಣ್ಣುಪಾಲಾಯಿತು. ಬಾತ್‌ರೂಮಿಗೆ ಹೋಗುವ ಓಣಿಯ ಗೋಡೆಯಲ್ಲಿ, ಯಾರೂ ಓದಬಾರದೆಂದೇ ಅಚ್ಚು ಹಾಕಿಸಿದಷ್ಟು ಸಣ್ಣ ಅಕ್ಷರದಲ್ಲಿ, ಪ್ರತಿಯೊಂದು ತಿನಿಸಿನ ಕ್ಯಾಲೊರಿಯ ಪಟ್ಟಿ ಇತ್ತು. ನಾನು ಕನ್ನಡಕ ಏರಿಸಿ ಮೇಲಿನಿಂದ ಕೆಳಗೆ ಓದಿದೆ. ಹಿಂದೆ ತಿರುಗಿದರೆ ನಾಲ್ಕು ಜನ ಸಾಲು ನಿಂತಿದ್ದರು, ನಾನು ಬಾತ್‌ರೂಮಿಗೆ ಕಾಯುತ್ತಿದ್ದೇನೆ ಎಂದುಕೊಂಡು.

ಆ ಪಟ್ಟಿಯಲ್ಲಿ ನನ್ನ ಎದೆ ಹಾರಿಸಿದ್ದು ಬರ್ಗರ್ ಅಲ್ಲ, ಡ್ರೆಸಿಂಗ್. ಅಂಗೈಯಲ್ಲಿ ಮುಚ್ಚಿಡಬಹುದಾದ ಒಂದು ಪೊಟ್ಟಣ, ಅದರೊಳಗೆ ಒಂದು ಸಣ್ಣ ಬರ್ಗರ್‌ನಷ್ಟು ಕ್ಯಾಲೊರಿ. ಆರೋಗ್ಯ ಆರೋಗ್ಯ ಎಂದು ಸಲಾಡ್ ತೆಗೆದುಕೊಂಡು ಅದರ ಮೇಲೆ ಎರಡು ಪೊಟ್ಟಣ ಹಿಂಡುತ್ತಿದ್ದವಳು ನಾನು. ಅಂದರೆ ಸೊಪ್ಪಿನ ಹೆಸರಿನಲ್ಲಿ ಎರಡು ಬರ್ಗರ್ ತಿನ್ನುತ್ತಿದ್ದೆ. ಕೋಪವೂ ಬಂತು, ಕುಣಿಯುವ ಹಾಗೂ ಆಯಿತು. ತಪ್ಪು ಸಿಕ್ಕಿತ್ತಲ್ಲ, ಇನ್ನು ತಿದ್ದುವುದಷ್ಟೇ ಬಾಕಿ.

ಅಲ್ಲಿಂದ ಶುರುವಾಯಿತು ನನ್ನ ಸಂಶೋಧನೆ. ದಿನಕ್ಕೊಂದು ಅಂಗಡಿ. ಟ್ಯಾಕೊ ಅಂಗಡಿಯಲ್ಲಿ ಬೀನ್ಸ್ ಬರಿಟೊ ತೆಗೆದುಕೊಂಡು, ಚೀಸ್ ಬೇಡ, ಸಾವರ್ ಕ್ರೀಮ್ ಬೇಡ, ಅದರ ಬದಲು ಹೆಚ್ಚಿದ ಟೊಮೆಟೊ ಈರುಳ್ಳಿ ಹಾಕಿ ಎಂದರೆ ಮರುಮಾತಿಲ್ಲದೆ ಹಾಕಿಕೊಡುತ್ತಿದ್ದರು. ರುಚಿಯಲ್ಲಿ ಅದು ನಮ್ಮ ಚಪಾತಿ ಮತ್ತು ಕಾಳುಪಲ್ಯದ ದೂರದ ನೆಂಟ. ಸ್ಯಾಂಡ್‌ವಿಚ್ ಅಂಗಡಿಯಲ್ಲಿ ಅರ್ಧ ಅಡಿಯ ಗೋಧಿ ಬ್ರೆಡ್ಡು, ಅದರೊಳಗೆ ಗಾಜಿನ ಹಿಂದೆ ಕಾಣುವ ತರಕಾರಿಯೆಲ್ಲ, ಮೇಯೊ ಬದಲು ಸಾಸಿವೆ ಸಾಸ್, ಮೇಲೆ ಎರಡು ಪಾಲು ಹಸಿಮೆಣಸು. ಇನ್ನೊಂದು ಕಡೆ ಬೇಯಿಸಿದ ಇಡೀ ಆಲೂಗಡ್ಡೆ ಸಿಗುತ್ತಿತ್ತು. ಬೆಣ್ಣೆ ಬೇಡ ಎಂದು ಹೇಳಿ, ಈರುಳ್ಳಿ ಸೊಪ್ಪು ಕೇಳಿ, ಚಟ್ನಿಪುಡಿ ಉದುರಿಸಿದರೆ ರಾತ್ರಿ ಊಟ ಮುಗಿಯಿತು. ಒಂದೊಂದು ಸಿಕ್ಕಿದಾಗಲೂ ಮಗಳಿಗೆ ಫೋನ್ ಮಾಡಿ ವಿವರಿಸುತ್ತಿದ್ದೆ. ಅವಳು "ಅಮ್ಮಾ, ಯು ಆರ್ ಅಬ್ಸೆಸ್ಡ್" ಎಂದು ಫೋನನ್ನು ಅಪ್ಪನ ಕೈಗೆ ಕೊಡುತ್ತಿದ್ದಳು.

ಎಲ್ಲಕ್ಕಿಂತ ದೊಡ್ಡದು ಕೋಸಂಬರಿ. ಅದು ಸಿಕ್ಕ ಮೇಲೆ ಆ ಬರ್ಗರ್ ಅಂಗಡಿಗೆ ನಾನು ವಾರಕ್ಕೆ ಮೂರು ಸಲ ಹೋಗತೊಡಗಿದೆ. ಡ್ರೈವ್-ಥ್ರೂ ಕಿಟಕಿಯಲ್ಲಿ ನನಗಿಂತ ಹಿರಿಯ ಹೆಂಗಸೊಬ್ಬರು ಇರುತ್ತಿದ್ದರು. ಇಪ್ಪತ್ತು ವರ್ಷ ಕಾರಿನ ಪ್ಲಾಂಟಿನಲ್ಲಿ ದುಡಿದು, ಲೇಆಫ್ ಆಗಿ, ಇಲ್ಲಿ ಸೇರಿದವರು. ಎರಡನೇ ವಾರದ ಹೊತ್ತಿಗೆ ನನ್ನ ಕಾರು ಕಂಡರೆ ಸಾಕು, ನಾನು ಬಾಯಿ ತೆರೆಯುವ ಮೊದಲೇ "ನೋ ಚೀಸ್, ನೋ ಡ್ರೆಸಿಂಗ್, ಟೂ ಲೆಮನ್ಸ್" ಎಂದು ಒಳಗಿನವರಿಗೆ ಕೂಗುತ್ತಿದ್ದರು. ಒಂದು ದಿನ ಒಂದು ಚಮಚ ಕೋಸಂಬರಿ ಕೊಟ್ಟೆ. ತಿಂದು ನೋಡಿ, ಕಣ್ಣಲ್ಲಿ ನೀರು ಬಂದರೂ, ಚಟ್ನಿಪುಡಿ ಇನ್ನೊಂದಿಷ್ಟು ಇದೆಯೇ ಎಂದು ಕೇಳಿದರು. ನನಗಾದ ಹೆಮ್ಮೆ ಅಷ್ಟಿಷ್ಟಲ್ಲ.

ತಿಂದದ್ದನ್ನೆಲ್ಲ ಬರೆದಿಡಬೇಕು ಎಂದು ಆಸ್ಪತ್ರೆಯ ಡಯಟಿಷಿಯನ್ ಒಂದು ನೋಟ್‌ಬುಕ್ ಕೊಟ್ಟಿದ್ದರು. ಎಳೆ ವಯಸ್ಸಿನ, ಬಹಳ ನಯದ ಹೆಣ್ಣುಮಗಳು. ನಾನು ಒಂದು ದಿನವೂ ತಪ್ಪಿಸಲಿಲ್ಲ. ಮಧ್ಯಾಹ್ನದ ಊಟ ಇಷ್ಟು, ರಾತ್ರಿ ಊಟ ಇಷ್ಟು ಎಂದು ದುಂಡಗೆ ಬರೆದೆ. ಮೇ ತಿಂಗಳ ಕೊನೆಯ ಶುಕ್ರವಾರ ಶಿಕಾಗೋಗೆ ಹೋಗಿ, ಪರೀಕ್ಷೆಯಲ್ಲಿ ಮೊದಲ ರ‍್ಯಾಂಕ್ ಬರುವ ಹುಡುಗಿಯ ಧಾಟಿಯಲ್ಲಿ ಆ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು ತೂಕದ ಯಂತ್ರ ಹತ್ತಿದೆ.

ಕಮ್ಮಿಯಾಗಿದ್ದು ಒಂದು ಪೌಂಡ್. ಎರಡೂವರೆ ತಿಂಗಳಿಗೆ ಒಂದೇ ಒಂದು ಪೌಂಡ್.

ಡಯಟಿಷಿಯನ್ ಪುಟ ತಿರುವಿದರು, ಮತ್ತೆ ಯಂತ್ರ ನೋಡಿದರು. ಇದರಲ್ಲಿ ಬರೆದಿರುವುದು ಪೂರ್ತಿಯಾಗಿದ್ದರೆ ಇಷ್ಟು ಹೊತ್ತಿಗೆ ಹತ್ತು ಪೌಂಡ್ ಆದರೂ ಹೋಗಿರಬೇಕಿತ್ತು, ಏನಾದರೂ ಬಿಟ್ಟುಹೋಗಿದೆಯೇ ನೆನಪು ಮಾಡಿಕೊಳ್ಳಿ ಎಂದರು. ನನ್ನನ್ನು ಸುಳ್ಳಿ ಎನ್ನುತ್ತಿದ್ದಾಳೆ ಎಂದು ನನಗೆ ಮೈಯೆಲ್ಲ ಉರಿಯಿತು. ಏನೂ ಬಿಟ್ಟಿಲ್ಲ ಎಂದು ಖಡಾಖಂಡಿತವಾಗಿ ಹೇಳಿ ಎದ್ದು ಬಂದೆ. ಪಾರ್ಕಿಂಗ್ ಗರಾಜಿನಲ್ಲಿ ಕಾರಿನ ಬಾಗಿಲು ಹಾಕಿಕೊಂಡ ಮೇಲೆ ಭಯ ಶುರುವಾಯಿತು. ಉಳಿದಿದ್ದು ಮೂರೂವರೆ ತಿಂಗಳು. ನನ್ನ ದೇಹ ಇಳಿಯುವ ಜಾತಿಯದೇ ಅಲ್ಲದಿದ್ದರೆ ಅಣ್ಣನ ಗತಿ ಏನು ಎಂದು ಯೋಚಿಸುತ್ತ ಬಹಳ ಹೊತ್ತು ಅಲ್ಲೇ ಕೂತಿದ್ದೆ.

ಉತ್ತರ ಕೊಟ್ಟವಳು ನನ್ನ ಆಫೀಸಿನಲ್ಲಿ ಪಕ್ಕದ ಮೇಜಿನ ಹುಡುಗಿ. ಧಾರವಾಡದವಳು, ಮದುವೆಯಾಗಿ ಬಂದು ಎರಡು ವರ್ಷವಾಗಿತ್ತು. ಮರು ವಾರ ಲಂಚಿಗೆ ಕೂತಾಗ ನನ್ನ ಸಂಕಟ ಕೇಳಿ, ನೋಟ್‌ಬುಕ್ ಎಳೆದುಕೊಂಡು ಪುಟ ಪುಟವಾಗಿ ಓದಿದಳು.

"ಅಕ್ಕಾರ, ಇದರಾಗ ಮಧ್ಯಾಹ್ನದ್ದು ಐತಿ, ರಾತ್ರಿದು ಐತಿ. ಮುಂಜಾನಿದು ಎಲ್ಲೈತ್ರಿ?"

"ಬೆಳಿಗ್ಗೆ ನಾನು ಊಟ ಮಾಡಲ್ವಲ್ಲ."

"ಹಂಗಾರ ಇವತ್ತ ಮುಂಜಾನಿ ಡಬ್ಬಿ ತಗದು ತಿಂದ್ರಲ್ಲ, ನನಗೂ ಎರಡು ಕೊಟ್ರಿ. ಅದೇನ್ರಿ?"

"ಅದು ಕೋಡುಬಳೆ. ತಿಂಡಿ."

ಅವಳು ಪೆನ್ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು.

"ತಿಂಡಿ ಎಲ್ಲಿಗೆ ಹೋಗ್ತೈತ್ರಿ ಅಕ್ಕಾರ? ಬ್ಯಾರೆ ಮಂದಿ ಹೊಟ್ಟಿಗೇನು?"

ಓದುವವರು ನನ್ನನ್ನು ದಡ್ಡಿ ಎಂದುಕೊಳ್ಳಬಹುದು. ಆದರೆ ಮೈಸೂರಿನ ಕಡೆ ಹುಟ್ಟಿ ಬೆಳೆದವರು ಎದೆ ಮುಟ್ಟಿಕೊಂಡು ಹೇಳಲಿ. ನಮ್ಮಲ್ಲಿ ತಿನ್ನುವುದೆಂದರೆ ಊಟ. ಊಟದ ಹೊತ್ತಿಗೆ, ತಟ್ಟೆಯ ಮುಂದೆ ಕೂತು, ಹೊಟ್ಟೆಗೆಂದು ತಿಂದದ್ದು ಮಾತ್ರ ಊಟ. ಬೆಳಿಗ್ಗೆ ನಾಲ್ಕು ದೋಸೆ ತಿಂದವನನ್ನು ಹನ್ನೊಂದು ಗಂಟೆಗೆ ಕೇಳಿ ನೋಡಿ, ಇನ್ನೂ ಏನೂ ಊಟ ಆಗಿಲ್ಲ, ಬರೀ ತಿಂಡಿ ಅಷ್ಟೇ ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿರುವುದಿಲ್ಲ. ಇನ್ನು ಶನಿವಾರ ನನ್ನದು ಒಪ್ಪೊತ್ತು. ರಾತ್ರಿ ಅನ್ನ ಮುಟ್ಟುವುದಿಲ್ಲ, ಫಲಾಹಾರ ಮಾತ್ರ. ಫಲಾಹಾರವೆಂದರೆ ತುಪ್ಪ ಸುರಿದ ಉಪ್ಪಿಟ್ಟು, ಗೊಜ್ಜವಲಕ್ಕಿ, ಬಾಳೆಹಣ್ಣಿನ ಸೀಕರಣೆ. ಆ ದಿನಗಳ ಎದುರು ನೋಟ್‌ಬುಕ್ಕಿನಲ್ಲಿ 'ಉಪವಾಸ' ಎಂದು ಬರೆದಿದ್ದೆ. ದೇವಸ್ಥಾನದಲ್ಲಿ ದೊನ್ನೆ ತುಂಬ ಕೊಡುವ ಸಿಹಿ ಪೊಂಗಲ್ ಪ್ರಸಾದ. ಪ್ರಸಾದಕ್ಕೆ ಕ್ಯಾಲೊರಿ ಹಿಡಿದರೆ ಕಣ್ಣು ಹೋಗುವುದಿಲ್ಲವೇ?

ಇಬ್ಬರೂ ಸೇರಿ ಬಿಟ್ಟುಹೋದದ್ದನ್ನೆಲ್ಲ ಬರೆಯುತ್ತ ಹೋದೆವು. ನೋಟ್‌ಬುಕ್ ಸಾಲದೆ ಸ್ಯಾಂಡ್‌ವಿಚ್ ತಂದ ಕಾಗದದ ಚೀಲವನ್ನು ಹರಿದು ಹರಡಿಕೊಂಡೆವು. ಭಾನುವಾರ ಬೆಳಿಗ್ಗೆ ಅಣ್ಣನ ಮನೆಯಲ್ಲಿ ಮೂರು ಮಸಾಲೆ ದೋಸೆ. ಹೊರಡುವಾಗ 'ದಾರಿಗೆ' ಎಂದು ಅಣ್ಣ ಕೊಡುವ ಸ್ಟೀಲ್ ಡಬ್ಬಿಯಲ್ಲಿ ಕೋಡುಬಳೆ, ನಿಪ್ಪಟ್ಟು. ಇನ್ನೊಂದು ಡಬ್ಬಿಯಲ್ಲಿ ಕೊಬ್ಬರಿ ಮಿಠಾಯಿ. ಅರ್ಧ ದಾರಿಯ ಕಲಮಜೂ ಊರು ದಾಟುವುದರೊಳಗೆ ಅರ್ಧ ಡಬ್ಬಿ, ಮಿಕ್ಕದ್ದು ಗುರುವಾರದವರೆಗೆ ದಿನಾ ಬೆಳಿಗ್ಗೆ, ಸಂಜೆ ಕಾಫಿಯ ಜೊತೆ. ಹುಡುಗಿ ಕಂಪ್ಯೂಟರಿನಲ್ಲಿ ಹುಡುಕಿ ಹುಡುಕಿ ಎದುರಿಗೆ ಸಂಖ್ಯೆ ಹಾಕಿದಳು. ನನ್ನ ಊಟಗಳೆಲ್ಲ ಸೇರಿದರೂ ಆ ಡಬ್ಬಿಗಳ ಅರ್ಧಕ್ಕೆ ಬರಲಿಲ್ಲ. ಮೊದಲು ನಾಚಿಕೆಯಾಯಿತು. ಆಮೇಲೆ ತಡೆಯಲಾರದಷ್ಟು ಖುಷಿಯಾಯಿತು. ನನ್ನ ದೇಹದಲ್ಲಿ ಏನೂ ದೋಷವಿರಲಿಲ್ಲ, ತಪ್ಪು ನೋಟ್‌ಬುಕ್ಕಿನಲ್ಲಿತ್ತು.

"ಈ ಡಬ್ಬಿ ಯಾರು ಕಟ್ಟಿ ಕೊಡ್ತಾರ್ರಿ?" ಎಂದು ಹುಡುಗಿ ಕೇಳಿದಳು.

"ನಮ್ಮಣ್ಣ. ಅವನೇ ನಿಂತು ಮಾಡಿಸ್ತಾನೆ ಪಾಪ."

"ಕಿಡ್ನಿ ತಗೊಳ್ಳೋ ಅಣ್ಣಾರನ?"

ನಾನು ಹೂಂ ಎಂದೆ. ಅವಳು ತಲೆ ತಗ್ಗಿಸಿ ತನ್ನ ರೊಟ್ಟಿ ಮುರಿದಳು. ನನಗೆ ಒಂದೊಂದೇ ಹೊಳೆಯತೊಡಗಿತು. ಹದಿನೈದು ವರ್ಷ ಎರಡು ಮೈಲಿ ದೂರದಲ್ಲಿದ್ದರೂ ಅಣ್ಣ ನನಗೆ ಎಂದೂ ಡಬ್ಬಿ ಕಟ್ಟಿದವನಲ್ಲ. ಕಟ್ಟತೊಡಗಿದ್ದು ನಾನು ತೂಕ ಇಳಿಸುತ್ತೇನೆಂದು ಹೊರಟ ವಾರದಿಂದ. ಕೊಬ್ಬರಿಯನ್ನು ಅವನೇ ತಿನ್ನುವ ಹಾಗಿರಲಿಲ್ಲ, ಡಾಕ್ಟರು ನಿಲ್ಲಿಸಿದ್ದರು. ತಾನು ನಾಲಿಗೆಗೆ ಮುಟ್ಟಿಸದ ಮಿಠಾಯಿಯನ್ನು ವಾರ ವಾರ ತುಪ್ಪ ಸುರಿದು ಮಾಡಿಸುತ್ತಿದ್ದ.

ಆ ಶುಕ್ರವಾರ ನಮ್ಮ ಮನೆಗೆ ಹೋಗದೆ ನೇರ ಅವನ ಮನೆಗೆ ಹೋದೆ. ಬೆಳಿಗ್ಗೆ ಡಯಾಲಿಸಿಸ್ ಮುಗಿಸಿ ಬಂದು ಸೋಫಾದ ಮೇಲೆ ಶಾಲು ಹೊದ್ದು ಮಲಗಿದ್ದ. ತೋಳಿನ ಬ್ಯಾಂಡೇಜು ಇನ್ನೂ ತೆಗೆದಿರಲಿಲ್ಲ. ಖಾಲಿ ಡಬ್ಬಿಗಳನ್ನು ಅವನ ಕಾಲ ಹತ್ತಿರ ಇಟ್ಟೆ.

"ಅಣ್ಣ, ಇದನ್ನ ಬೇಕು ಅಂತಾನೇ ಮಾಡಿದ್ಯಾ?"

ಇಲ್ಲ ಎನ್ನುತ್ತಾನೆ, ಜಗಳ ಆಡೋಣ ಎಂದು ಸಿದ್ಧವಾಗಿ ಬಂದಿದ್ದೆ. ಅವನು ಡಬ್ಬಿ ನೋಡಿದ, ನನ್ನನ್ನು ನೋಡಿದ.

"ಹೂಂ."

"ಯಾಕೋ?"

"ಬೇಡ ಅಂದ್ರೆ ನೀನು ಕೇಳೋಳಾ? ಚಿಕ್ಕವಳಿದ್ದಾಗಿಂದ ಬೇಡ ಅಂದಿದ್ದನ್ನೇ ಮಾಡ್ಕೊಂಡು ಬಂದವಳು. ಅದಕ್ಕೇ ಆಯ್ತು ಅಂದೆ. ತಿನ್ನೋದು ಬಿಡೋಕೆ ನಿನ್ನ ಕೈಲಿ ಆಗಲ್ಲ ಅಂತ ಗೊತ್ತಿತ್ತು. ಆದ್ರೂ ಎಲ್ಲಿ ಬಿಟ್ಟುಬಿಡ್ತೀಯೋ ಅಂತ ಡಬ್ಬಿ ಕಟ್ಟಿದೆ."

"ಅಂದ್ರೆ ನನ್ನ ಕೈಲಿ ಆಗಬಾರದು ಅಂತ?"

ಅವನು ಎದ್ದು ಕೂತ. ಉಸಿರು ತೆಗೆದುಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

"ಆಪರೇಷನ್ ಟೇಬಲ್ ಮೇಲೆ ನಿನಗೇನಾದ್ರೂ ಆದ್ರೆ ಆ ಕಿಡ್ನಿ ಇಟ್ಕೊಂಡು ನಾನು ಏನು ಮಾಡ್ಲಿ, ನೀನೇ ಹೇಳು. ದಿನಾ ಬೆಳಿಗ್ಗೆ ಎದ್ದು, ಅದನ್ನ ಒಳಗಿಟ್ಕೊಂಡು, ಆರಾಮಾಗಿ ಕಾಫಿ ಕುಡೀಲಾ?"

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ನಮ್ಮಿಬ್ಬರದೂ ಒಂದೇ ಸಿಟ್ಟು, ಒಂದೇ ಮನೆಯಲ್ಲಿ ಬೆಳೆದದ್ದು.

"ನೀನು ಹೋಗ್ಬಿಟ್ರೆ ನಾನು ಏನು ಮಾಡ್ಲಿ? ನೀನು ಕಟ್ಟಿಕೊಟ್ಟ ಕೋಡುಬಳೆ ತಿಂದ್ಕೊಂಡು ಆರಾಮಾಗಿರ್ಲಾ? ಇಳಿಸಿದ್ರೆ ತಗೋತೀನಿ ಅಂತ ಮಾತು ಕೊಟ್ಟಿದೀಯ. ಇಳಿಸ್ತೀನಿ ನೋಡ್ತಿರು."

ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ತಾವು ಕರಿದು ಕೊಟ್ಟದ್ದು ಯಾವುದಕ್ಕೆಂದು ಅವರಿಗೂ ಗೊತ್ತಾದದ್ದು ಆಗಲೇ. ಮಾರನೆಯ ದಿನ ಎಣ್ಣೆಯ ಬಾಣಲೆಯನ್ನು ಗರಾಜಿನ ಅಟ್ಟಕ್ಕೆ ಏರಿಸಿದರು.

ಆ ಬೇಸಿಗೆಯಷ್ಟು ಸಂಭ್ರಮದ ಬೇಸಿಗೆ ನನಗೆ ಅಮೆರಿಕದಲ್ಲಿ ಇನ್ನೊಂದಿಲ್ಲ. ಸುತ್ತಲೂ ಸುದ್ದಿಯೆಲ್ಲ ಕೆಟ್ಟದ್ದೇ. ನಮ್ಮ ಆಫೀಸಿನ ಪಕ್ಕದ ಪ್ಲಾಂಟ್ ವಾರಗಟ್ಟಲೆ ಮುಚ್ಚಿತ್ತು. ಬರ್ಗರ್ ಅಂಗಡಿಯ ಮೇಜುಗಳಲ್ಲಿ ಗಟ್ಟಿಮುಟ್ಟಾದ ಗಂಡಸರು ಒಂದೇ ಲೋಟ ಕಾಫಿಯನ್ನು ಮತ್ತೆ ಮತ್ತೆ ತುಂಬಿಸಿಕೊಂಡು ಕೆಲಸದ ಅರ್ಜಿ ತುಂಬುತ್ತಿದ್ದರು. ಅವರ ನಡುವೆ ನಾನೊಬ್ಬಳು ಸೊಪ್ಪಿನ ಡಬ್ಬಿ ಕುಲುಕುತ್ತ ಮುಸಿಮುಸಿ ನಗುತ್ತಿದ್ದೆ. ಬೆಳಗಿನ ತಿಂಡಿಯನ್ನೂ ಈಗ ಲೆಕ್ಕಕ್ಕೆ ಹಿಡಿಯಬೇಕಲ್ಲ, ಹಾಗಾಗಿ ಸಂಶೋಧನೆ ಹೊಸದಾಗಿ ಶುರುವಾಯಿತು. ಮೊಸರು ಮತ್ತು ಹಣ್ಣಿನ ಲೋಟ ಕೊಂಡರೆ ಮೇಲೆ ಸುರಿಯುವ ಸಿಹಿ ಧಾನ್ಯದ ಪೊಟ್ಟಣವನ್ನು ವಾಪಸು ಕೊಡುವುದು. ಕಾಫಿ ಅಂಗಡಿಯಲ್ಲಿ ಓಟ್ಸ್ ಗಂಜಿ ಕೊಂಡರೆ ಜೊತೆಗೆ ಬರುವ ಸಕ್ಕರೆ ಬಿಟ್ಟು ಉಪ್ಪು, ನಿಂಬೆ, ಮೆಣಸಿನಪುಡಿ ಹಾಕಿಕೊಳ್ಳುವುದು. ಮಕ್ಕಳ ಊಟದ ಜೊತೆ ಕೊಡುವ ಸೇಬಿನ ಹೋಳಿನ ಚೀಲವನ್ನು ಬಿಡಿಯಾಗಿ ಕೇಳುವುದು. ಕೇಳಿದರೆ ಕೊಡುತ್ತಿದ್ದರು. ಇಷ್ಟು ವರ್ಷ ನಾನು ಕೇಳಿರಲಿಲ್ಲ ಅಷ್ಟೇ. ಫಲಾಹಾರದ ದಿನ ನಿಜವಾಗಿಯೂ ಹಣ್ಣು ತಿಂದೆ. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಒಂದು ಚಮಚ ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಗಂಡನ ಕೈಗೆ ದಾಟಿಸಿದೆ. ಧಾರವಾಡದ ಹುಡುಗಿ ಸಂಜೆ ಸಂಜೆ ನನ್ನನ್ನು ಪ್ಲಾಂಟಿನ ಸುತ್ತ ಮೂರು ಮೈಲಿ ನಡೆಸುತ್ತಿದ್ದಳು.

ಜೂನ್ ಮುಗಿಯುವಾಗ ಏಳು ಪೌಂಡ್ ಹೋಗಿತ್ತು. ಜುಲೈ ಕೊನೆಗೆ ಹದಿನಾಲ್ಕು. ರವಿಕೆಗಳೆಲ್ಲ ಸಡಿಲವಾದವು, ಬಳೆಗಳು ಮೊಣಕೈಗೆ ಜಾರಿದವು. ದಿನಾ ಸಂಜೆ ಆರಕ್ಕೆ ಅಣ್ಣನಿಗೆ ಫೋನ್ ಮಾಡಿ, ಬೆಳಿಗ್ಗೆಯಿಂದ ತಿಂದದ್ದನ್ನೆಲ್ಲ ತಿಂಡಿಯೂ ಸೇರಿದಂತೆ ಪಾಠ ಒಪ್ಪಿಸುತ್ತಿದ್ದೆ. ಮೊದಮೊದಲು ಅವನು ಬರೀ ಹೂಂಗುಟ್ಟಿ ಇಡುತ್ತಿದ್ದ. ಆಗಸ್ಟ್‌ನಲ್ಲಿ ಒಂದು ಸಂಜೆ, ನಾನು ಮಾತು ಮುಗಿಸಿದ ಮೇಲೂ ಫೋನ್ ಇಡಲಿಲ್ಲ.

"ಆ ನಿಂಬೆಹಣ್ಣು ಅವರು ಸುಮ್ನೆ ಕೊಡ್ತಾರಾ?" ಎಂದು ಕೇಳಿದ.

"ಕೇಳಿದ್ರೆ ಕೊಡ್ತಾರೆ."

"ಹೌದಾ," ಎಂದ. ಆಮೇಲೆ "ಜೋಪಾನವಾಗಿ ಡ್ರೈವ್ ಮಾಡೇ," ಎಂದು ಇಟ್ಟ.

ಸೆಪ್ಟೆಂಬರ್‌ನಲ್ಲಿ ಆಸ್ಪತ್ರೆಗೆ ಹೋಗುವ ದಿನ ತಾನೂ ಬರುತ್ತೇನೆಂದು ಅವನೇ ಬೆಳಿಗ್ಗೆ ಏಳಕ್ಕೆ ನಮ್ಮ ಬಾಗಿಲಿಗೆ ಬಂದು ನಿಂತ. ಆ ಮೂರು ತಿಂಗಳಲ್ಲಿ ಅವನೂ ಇಳಿದಿದ್ದ, ನನ್ನ ಹಾಗೆ ಪ್ರಯತ್ನಪಟ್ಟಲ್ಲ. ಅಂಗಿಯ ಕಾಲರ್ ಕತ್ತಿನಿಂದ ದೂರ ನಿಂತಿತ್ತು.

ಯಂತ್ರ ಹತ್ತುವ ಮೊದಲು ಚಪ್ಪಲಿ ಬಿಟ್ಟೆ, ಬಳೆ ತೆಗೆದೆ, ಮಾಂಗಲ್ಯದ ಮೇಲೆ ಕೈಯಿಟ್ಟು ಇದಕ್ಕೆಷ್ಟು ತೂಕ ಎಂದು ಡಯಟಿಷಿಯನ್ ಹುಡುಗಿಯನ್ನು ಕೇಳಿದೆ. ಅವಳು ನಕ್ಕು ಸಂಖ್ಯೆ ಓದಿದಳು. ಇಪ್ಪತ್ತೇಳು ಪೌಂಡ್ ಇಳಿದಿತ್ತು. ನಾನು ಅವಳನ್ನು ತಬ್ಬಿಕೊಂಡು, ಮೇ ತಿಂಗಳಲ್ಲಿ ಮನಸ್ಸಿನಲ್ಲೇ ಬೈದಿದ್ದಕ್ಕೆ ಕ್ಷಮೆ ಕೇಳಿದೆ. ಬೈದಿದ್ದು ಅವಳಿಗೆ ಗೊತ್ತೇ ಇರಲಿಲ್ಲ. ರಕ್ತ ತೆಗೆದುಕೊಂಡು, ಸಕ್ಕರೆಯ ಫಲಿತಾಂಶ ಮಧ್ಯಾಹ್ನ ಫೋನಿನಲ್ಲಿ ಹೇಳುತ್ತೇವೆ, ಹತ್ತಿರದಲ್ಲೇ ಇರಿ ಎಂದರು.

ಆಸ್ಪತ್ರೆಯ ನೆಲಮಹಡಿಯಲ್ಲಿ ಒಂದು ಸ್ಯಾಂಡ್‌ವಿಚ್ ಅಂಗಡಿ ಇತ್ತು. ಕಿಟಕಿಯ ಪಕ್ಕದ ಮೇಜಿನಲ್ಲಿ ಎದುರುಬದುರು ಕೂತೆವು. ನನ್ನ ಮುಂದೆ ಅರ್ಧ ಅಡಿಯ ತರಕಾರಿ ಸ್ಯಾಂಡ್‌ವಿಚ್, ಅವನ ಮುಂದೆ ಅಳತೆಯ ಅರ್ಧ ಲೋಟ ನೀರು. ಎರಡು ತುತ್ತು ತಿಂದಿದ್ದೆ, ಫೋನ್ ಬಂತು. ಸಕ್ಕರೆ ಗಡಿಯ ಕೆಳಗಿದೆ, ಎಲ್ಲ ಸರಿಯಾಗಿದೆ, ನೀವು ಕೊಡಬಹುದು ಎಂದರು. ಕೊನೆಯದಾಗಿ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮನಸ್ಸಿದೆಯೇ ಎಂದು ಕೇಳುತ್ತೇವೆ, ಯಾರು ಬೇಡ ಎಂದರೂ ಅಲ್ಲಿಗೆ ನಿಲ್ಲಿಸುತ್ತೇವೆ ಎಂದೂ ಹೇಳಿದರು.

ಫೋನ್ ಇಟ್ಟು ಅಣ್ಣನಿಗೆ ಎಲ್ಲವನ್ನೂ ಹೇಳಿದೆ. ನಾನು ಗೆಲ್ಲಬೇಕಾದ್ದನ್ನು ಗೆದ್ದಿದ್ದೆ, ಮಿಕ್ಕದ್ದು ಅವನ ಕೈಯಲ್ಲಿತ್ತು. ಮಾತು ಕೊಟ್ಟಿದ್ದೀಯ ಎಂದು ನೆನಪಿಸಲು ಬಾಯಿ ತೆರೆದೆ. ಆಗಲಿಲ್ಲ. ಮಾತಿಗೆ ಕಟ್ಟುಬಿದ್ದು ಅವನು ಹೂಂ ಎನ್ನುವುದು ನನಗೆ ಬೇಕಿರಲಿಲ್ಲ.

ಅಣ್ಣ ಕಿಟಕಿಯಾಚೆ ನೋಡುತ್ತಿದ್ದ. ರಸ್ತೆಯಲ್ಲಿ ಬಸ್ಸುಗಳು ಹೋಗುತ್ತಿದ್ದವು. ಆಮೇಲೆ ನಿಧಾನವಾಗಿ ಕೈ ಚಾಚಿ ನನ್ನ ಮಣಿಕಟ್ಟನ್ನು ಹಿಡಿದುಕೊಂಡ. ಅವನ ಬೆರಳು ಈಗ ಪೂರ್ತಿ ಸುತ್ತ ಬಂತು.

"ನನಗೆ ಭಯ ಆಗ್ತಿದೆ ಕಣೇ," ಎಂದ.

"ನನಗೂ."

"ಆದ್ರೆ ನನಗೆ ಬದುಕಬೇಕು," ಎಂದ ಅಣ್ಣ. "ಕೊಡು."

ನಲವತ್ತನಾಲ್ಕು ವರ್ಷದಲ್ಲಿ ಅವನು ತನಗೆಂದು ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ಅಕ್ಟೋಬರ್ ಎರಡನೇ ವಾರದಲ್ಲಿ ಕೊಟ್ಟೆ.